ಟ್ರೋನಾ ಪಿನಕಲ್ಸ್ ಮಣ್ಣುದಾರಿಯಲ್ಲಿ ಬೈಕಿನ ಹ್ಯಾಂಡಲ್ ಓಲಾಡುವುದೇಕೆ

ಟ್ರೋನಾ ಪಿನಕಲ್ಸ್ ಅಂದರೆ ಕ್ಯಾಲಿಫೋರ್ನಿಯಾ ಮರುಭೂಮಿಯ ಒಣಕೆರೆಯಲ್ಲಿ ನಿಂತಿರುವ ಕಲ್ಲಿನ ಗೋಪುರಗಳು. ಮನೆಯವರ ಜೊತೆ ಬೈಕಿನಲ್ಲಿ ಅಲ್ಲಿಗೆ ಹೋಗುವಾಗ ಮಣ್ಣುದಾರಿಯಲ್ಲಿ ಹ್ಯಾಂಡಲ್ ಓಲಾಡುತ್ತೆ, ಏನು ಮಾಡಲಿ ಅಂತ ಕೇಳಿದ್ದೀರಿ. ಅದಕ್ಕೆ ಬಹುತೇಕ ಹಿಂದಿನ ಭಾರವೇ ಕಾರಣ. ಮನೆಯವರು, ಟೆಂಟು, ನೀರು ಎಲ್ಲ ಹಿಂದೆ ಅಂತೀರಿ. ಮುಂದಿನ ಚಕ್ರ ಹಗುರಾಗಿ ಮರಳಲ್ಲಿ ದಾರಿ ತಪ್ಪುತ್ತೆ. ಮೊದಲು ನೀರಿನ ಕ್ಯಾನ್‌ಗಳನ್ನು ಪಕ್ಕದ ಚೀಲಗಳ ತಳಕ್ಕೆ, ಆದಷ್ಟು ಮುಂದಕ್ಕೆ ತನ್ನಿ. (ನೀರು ಕಡಿಮೆ ಮಾಡಬೇಡಿ, ಅಲ್ಲಿ ಹನಿಯೂ ಸಿಗಲ್ಲ.) ಹೆದ್ದಾರಿ 178 ಬಿಟ್ಟ ಕೂಡಲೇ ಟೈರಿನ ಗಾಳಿ ಇಳಿಸಿ. ಬೈಕ್ ಯಾವುದೆಂದು ಬರೆದಿಲ್ಲ, ಹಾಗಾಗಿ ಎಷ್ಟಕ್ಕೆ ಇಳಿಸಬೇಕು ಅಂತ ಖಚಿತವಾಗಿ ಹೇಳಲಾರೆ. 25 ಪಿಎಸ್‌ಐ ಆಸುಪಾಸಿನಿಂದ ಶುರುಮಾಡಿ. ವಾಪಸ್ ತುಂಬಲು ಪಂಪ್ ಇರಲಿ. ಹೆದ್ದಾರಿಯಿಂದ ಪಿನಕಲ್ಸ್‌ಗೆ ಉಳಿದದ್ದು ಸುಮಾರು 5 ಮೈಲಿ. ಮರಳು ದಪ್ಪವಿದ್ದಲ್ಲಿ ಮನೆಯವರನ್ನು ಇಳಿಸಿಬಿಡಿ; ನನ್ನವಳು ನಡೆದೇ ನನಗಿಂತ ಮುಂದೆ ಹೋಗಿದ್ದಳು! ನೀವು ಎದ್ದು ನಿಂತು ಓಡಿಸಿ, ಮುಂದಿನ ಬ್ರೇಕ್ ಮುಟ್ಟಬೇಡಿ. ರಾತ್ರಿ ಸೈಡ್ ಸ್ಟ್ಯಾಂಡ್ ಹೂತುಹೋಗದಂತೆ ಅದರ ಕೆಳಗೆ ಹಲಗೆ ಚೂರು ಇಡಿ. ಮಳೆ ಬಿದ್ದಿದ್ದರೆ ಹೋಗಲೇಬೇಡಿ, ಒಣಕೆರೆಯ ಜೇಡಿ ಮಡ್‌ಗಾರ್ಡಿಗೆ ಮೆತ್ತಿ ಚಕ್ರವೇ ತಿರುಗಲ್ಲ.