ಪಿಎಸ್5ಗೆ 43 ಇಂಚಿನ ಟಿವಿ: ಫುಲ್ ಎಚ್‌ಡಿ ಸಾಕಾ, 4ಕೆ ಬೇಕೇ ಬೇಕಾ?

ನೀವು ಚಿತ್ರದುರ್ಗದಿಂದ ಕೇಳಿದ್ದೀರಿ. ಪಿಎಸ್5 (ಸೋನಿಯ ಪ್ಲೇಸ್ಟೇಷನ್ 5 ಗೇಮ್ ಕನ್ಸೋಲ್) ಆಗಲೇ ಮನೆಗೆ ಬಂದಿದೆ, ರೂಮು ಚಿಕ್ಕದು, ಮಂಚದ ಮೇಲೆ ಕೂತು ಆಡುತ್ತೀರಿ. ಅಂಗಡಿಯವರು 4ಕೆ ಇಲ್ಲದಿದ್ದರೆ ಪಿಎಸ್5 ತಗೊಂಡಿದ್ದೇ ವೇಸ್ಟ್ ಅಂತಾರೆ, ಗೆಳೆಯ ಫುಲ್ ಎಚ್‌ಡಿ ಸಾಕು, ದುಡ್ಡು ಉಳಿಸು ಅಂತಾನೆ. ಯಾರ ಮಾತು ಕೇಳಲಿ ಅನ್ನೋದು ನಿಮ್ಮ ಪ್ರಶ್ನೆ.

ನಾನು ಪಕ್ಕದ ದಾವಣಗೆರೆಯವನು. 4ಕೆ ತಗೊಳ್ಳಿ. ಆದರೆ ಅಂಗಡಿಯವರು ಹೇಳಿದ ಕಾರಣಕ್ಕಲ್ಲ.

ಮೊದಲು ಟೇಪು ಹಿಡಿಯಿರಿ. ನಾನು ಅಮ್ಮನ ಹೊಲಿಗೆ ಟೇಪಿನಲ್ಲೇ ಅಳೆದಿದ್ದೆ. ಅದು 60 ಇಂಚು, ಅಂದರೆ ಸರಿಯಾಗಿ 5 ಅಡಿ. ಮಂಚದ ಮೇಲೆ ನಾನು ಕೂರುವ ಜಾಗದಿಂದ ಎದುರಿನ ಗೋಡೆಗೆ ಹಿಡಿದರೆ ಟೇಪು ಮುಗಿದು ಇನ್ನೂ ಒಂದು ಗೇಣು ಉಳಿಯಿತು. ಈ ಅಳತೆ ಯಾಕೆ ಮುಖ್ಯ ಅಂದರೆ, ಎಷ್ಟೇ ಚೆನ್ನಾಗಿರುವ ಕಣ್ಣಾದರೂ ಒಂದು ದೂರ ದಾಟಿದ ಮೇಲೆ ಪಕ್ಕಪಕ್ಕದ ಎರಡು ಚುಕ್ಕೆಗಳನ್ನು ಬೇರೆ ಮಾಡಿ ನೋಡಲಾರದು. ಫುಲ್ ಎಚ್‌ಡಿಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು ಸುಮಾರು 20 ಲಕ್ಷ ಪಿಕ್ಸೆಲ್, ಅಂದರೆ ಚುಕ್ಕೆ. 4ಕೆಯಲ್ಲಿ 3840 ಮತ್ತು 2160, ಅಂದರೆ ಅದರ ನಾಲ್ಕರಷ್ಟು, 80 ಲಕ್ಷದ ಮೇಲೆ. ಲೆಕ್ಕ ಹಾಕಿದರೆ 32 ಇಂಚಿನ ಫುಲ್ ಎಚ್‌ಡಿ ಪರದೆಯ ಚುಕ್ಕೆ ಸುಮಾರು 4 ಅಡಿ ಆಚೆಗೆ ಕಾಣುವುದಿಲ್ಲ, 43 ಇಂಚಿನದು ಐದೂವರೆ ಅಡಿ ಆಚೆಗೆ, 55 ಇಂಚಿನದು 7 ಅಡಿ ಆಚೆಗೆ. ಅದಕ್ಕಿಂತ ದೂರ ಕೂತರೆ 4ಕೆಯ ಹೆಚ್ಚುವರಿ ಚುಕ್ಕೆಗಳಿಗೆ ನೀವು ಕೊಟ್ಟ ದುಡ್ಡು ಕಣ್ಣಿಗೆ ತಲುಪುವುದೇ ಇಲ್ಲ.

ಹಾಗಾಗಿ ನಿಮ್ಮ ಗೆಳೆಯನ ಮಾತು ಪೂರ್ತಿ ತಪ್ಪಲ್ಲ. ನೀವು 6 ಅಡಿಯಲ್ಲಿ ಕೂತು 43 ಇಂಚು ನೋಡಿದರೆ ಎರಡಕ್ಕೂ ವ್ಯತ್ಯಾಸ ಕಡಿಮೆ. ಆದರೆ ಆಟದಲ್ಲಿ ನಾವು ಒರಗಿ ಕೂರುವುದಿಲ್ಲ ಅಲ್ವಾ, ಮ್ಯಾಚು ಬಿಗಿಯಾದ ಹಾಗೆ ಮುಂದಕ್ಕೆ ಜರುಗುತ್ತೇವೆ. ನನ್ನ ತಮ್ಮನಂತೂ ಕೆಳಗೆ ಚಾಪೆ ಹಾಕಿಕೊಂಡು ನಾಲ್ಕೇ ಅಡಿಯಲ್ಲಿ ಕೂರುತ್ತಾನೆ. ಅಲ್ಲಿಂದ ನೋಡಿದರೆ ಕ್ರಿಕೆಟ್ ಗೇಮಿನ ಮೂಲೆಯ ಸ್ಕೋರು, ದೂರದ ಫೀಲ್ಡರು, ಮೆನುವಿನ ಸಣ್ಣ ಅಕ್ಷರ ಎಲ್ಲಾ 4ಕೆಯಲ್ಲಿ ಕತ್ತರಿಸಿ ಇಟ್ಟ ಹಾಗೆ ಕಾಣುತ್ತವೆ, ಫುಲ್ ಎಚ್‌ಡಿಯಲ್ಲಿ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ.

ಒಂದು ಮಾತ್ರ ಬೇಡವೇ ಬೇಡ: 32 ಇಂಚಿನ ಎಚ್‌ಡಿ ರೆಡಿ ಟಿವಿ. ಅದರ ಪ್ಯಾನಲ್ ಹೆಚ್ಚಾಗಿ 1366 ಮತ್ತು 768 ಅಳತೆಯದು. ಪಿಎಸ್5 ಕಳಿಸುವ 1080 ಸಾಲಿನ ಚಿತ್ರವನ್ನು 768 ಸಾಲಿಗೆ ತುರುಕಬೇಕು, ಅದು ಸಮವಾಗಿ ಭಾಗವಾಗುವುದಿಲ್ಲ, ಅಕ್ಷರ ಮಸುಕಾಗುತ್ತದೆ. 8ಕೆ ಬಗ್ಗೆ ಯಾರಾದರೂ ಮುಂದಕ್ಕೆ ಒಳ್ಳೇದು ಅಂದರೆ ಸುಮ್ನೆ ನಕ್ಕು ಬನ್ನಿ. 1440ಪಿ (1440 ಸಾಲಿನ ಚಿತ್ರ) ಅಂತಲೂ ಓದಿರುತ್ತೀರಿ, 2022ರ ಸೆಪ್ಟೆಂಬರಿನಲ್ಲಿ ಪಿಎಸ್5ಗೆ ಆ ಆಯ್ಕೆ ಬಂತು, ಆದರೆ ಅದು ಮಾನಿಟರಿಗೆ. ಟಿವಿಗಳು ಸಾಮಾನ್ಯವಾಗಿ ಆ ಅಳತೆಯಲ್ಲಿ ಬರುವುದಿಲ್ಲ.

ಈಗ ನಾನು ನಿಜವಾಗಿ ಹೇಳಬೇಕಾದ್ದು. ನಾನು 2021ರಲ್ಲಿ ಇಲ್ಲೇ ಒಂದು ಅಂಗಡಿಯಲ್ಲಿ 4ಕೆ ಟಿವಿ ತಗೊಂಡೆ. ಅಲ್ಲಿ ಹಾಕಿದ್ದ ವಿಡಿಯೋದಲ್ಲಿ ಗಿಳಿಯ ರೆಕ್ಕೆಯ ಒಂದೊಂದು ಎಳೆಯೂ ಎಣಿಸುವ ಹಾಗಿತ್ತು. ಮನೆಗೆ ತಂದು ಕ್ರಿಕೆಟ್ ಆಡಿದರೆ ಚಿತ್ರ ಅಷ್ಟೇ ಚೆನ್ನಾಗಿದೆ, ಆದರೆ ಬಟನ್ ಒತ್ತಿದ ಮೇಲೆ ಬ್ಯಾಟು ಏಳುವುದು ತಡ. ಬಾಲು ಬಂದು ಸ್ಟಂಪಿಗೆ ಬಡಿಯುವ ಹೊತ್ತಿಗೆ ಬ್ಯಾಟು ಬೀಸುತ್ತಿದೆ. ಎರಡು ವಾರ ಕಂಟ್ರೋಲರ್ ಕೆಟ್ಟಿದೆ ಅಂದುಕೊಂಡು ಇನ್ನೊಂದು ಬೇರೆ ತಂದು ನೋಡಿದೆ. ಆಮೇಲೆ ಗೊತ್ತಾಯಿತು, ತಡ ಆಗುತ್ತಿದ್ದದ್ದು ಟಿವಿಯಲ್ಲಿ.

ಟಿವಿ ತನಗೆ ಬಂದ ಚಿತ್ರವನ್ನು ಹಾಗೇ ತೋರಿಸುವುದಿಲ್ಲ. ಬಣ್ಣ ತಿದ್ದುತ್ತದೆ, ಓಟ ನುಣುಪಾಗಲಿ ಅಂತ ಎರಡು ಫ್ರೇಮಿನ (ಒಂದರ ಹಿಂದೆ ಒಂದು ಬರುವ ಚಿತ್ರಗಳ) ನಡುವೆ ತಾನೇ ಒಂದು ಫ್ರೇಮು ಸೃಷ್ಟಿಸುತ್ತದೆ. ಅದಕ್ಕೆ ಮುಂದಿನ ಫ್ರೇಮು ಬರುವ ತನಕ ಕಾಯಬೇಕು, ತಡ ಆಗುವುದು ಅಲ್ಲೇ. ಸಿನಿಮಾಗೆ ಇದರಿಂದ ಏನೂ ತೊಂದರೆ ಇಲ್ಲ, ಆಟಕ್ಕೆ ಪ್ರಾಣಸಂಕಟ. ಸೆಕೆಂಡಿಗೆ 60 ಫ್ರೇಮಿನ ಗೇಮಿನಲ್ಲಿ ಒಂದು ಫ್ರೇಮು 16.7 ಮಿಲಿಸೆಕೆಂಡ್. ಈ ತಿದ್ದುಪಡಿಗಳನ್ನು ಕಡಿಮೆ ಮಾಡುವ ಟಿವಿ ಸೆಟ್ಟಿಂಗೇ ಗೇಮ್ ಮೋಡ್, ಅದನ್ನು ಹಾಕದಿದ್ದರೆ ಎಷ್ಟೋ ಟಿವಿಗಳಲ್ಲಿ ತಡ 100 ಮಿಲಿಸೆಕೆಂಡ್ ದಾಟುತ್ತದೆ, ಅಂದರೆ ನಿಮ್ಮ ಕೈ ಆರು ಫ್ರೇಮು ಹಿಂದೆ ಬೀಳುತ್ತದೆ. ಗೇಮ್ ಮೋಡ್ ಹಾಕಿದ ಕೂಡಲೇ ನನ್ನ ಬ್ಯಾಟು ಕೈ ಜೊತೆಗೆ ಎದ್ದಿತು. ಆವತ್ತಿನ ಖುಷಿ ಇನ್ನೂ ನೆನಪಿದೆ.

ಅದಕ್ಕೇ ಅಂಗಡಿಗೆ ಹೋಗುವಾಗ ನಿಮ್ಮ ಪಿಎಸ್5 ಜೊತೆಗೆ ತಗೊಂಡು ಹೋಗಿ. ಸಂಕೋಚ ಬೇಡ, ಕೊಡುವುದು ನಿಮ್ಮ ದುಡ್ಡು. ಗೇಮ್ ಮೋಡ್ ಹಾಕಿಸಿ, ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಗೇಮು ಹಾಕಿ ಹತ್ತು ನಿಮಿಷ ಆಡಿ. ಆಡಲು ಬಿಡದ ಅಂಗಡಿ ಬಿಟ್ಟು ಮುಂದಿನದಕ್ಕೆ ಹೋಗಿ.

ಕೇಳಬೇಕಾದ ಇನ್ನೊಂದು ಪ್ರಶ್ನೆ, ಪ್ಯಾನಲ್ ನಿಜವಾಗಿ ಎಷ್ಟು ಹರ್ಟ್ಜ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಅನ್ನೋದು. ಡಬ್ಬದ ಮೇಲೆ ಮೋಷನ್ 120 ಅಂತ ದೊಡ್ಡದಾಗಿ ಇರುತ್ತದೆ, ಒಳಗೆ ಪ್ಯಾನಲ್ 60 ಹರ್ಟ್ಜಿನದೇ ಇರಬಹುದು. ನಿಜವಾದ 120 ಹರ್ಟ್ಜ್, ಜೊತೆಗೆ ಎಚ್‌ಡಿಎಂಐ 2.1 (ಕನ್ಸೋಲಿನ ಕೇಬಲ್ ಸಿಕ್ಕಿಸುವ ಕಿಂಡಿಯ ವೇಗದ ಮಾದರಿ) ಮತ್ತು ವಿಆರ್‌ಆರ್ ಇದ್ದರೆ ಅದಕ್ಕೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟ ಇಲ್ಲ. ವಿಆರ್‌ಆರ್ ಇದ್ದರೆ ಗೇಮಿನ ಫ್ರೇಮು ಏರಿಳಿದಾಗ ಪರದೆಯೂ ಅದರ ತಾಳಕ್ಕೆ ಹೆಜ್ಜೆ ಹಾಕುತ್ತದೆ, ಚಿತ್ರ ಹರಿದ ಹಾಗೆ ಕಾಣುವುದಿಲ್ಲ. ನಾನು 4ಕೆ ತಗೊಳ್ಳಿ ಅಂದಿದ್ದು ಮುಖ್ಯವಾಗಿ ಇದಕ್ಕೇ: ಈ ಸೌಲಭ್ಯಗಳನ್ನು ಕಂಪನಿಗಳು 4ಕೆ ಟಿವಿಯಲ್ಲೇ ಕೊಡುತ್ತವೆ, ಫುಲ್ ಎಚ್‌ಡಿ ಟಿವಿಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಇನ್ನು ಪಿಎಸ್5 ಕೂಡ ಎಲ್ಲಾ ಗೇಮನ್ನೂ ಪೂರ್ತಿ 4ಕೆಯಲ್ಲಿ ಓಡಿಸುವುದಿಲ್ಲ. ಚಿತ್ರದ ಸ್ಪಷ್ಟತೆಗಿಂತ ವೇಗಕ್ಕೆ ಒತ್ತು ಕೊಡುವ ಪರ್ಫಾರ್ಮೆನ್ಸ್ ಮೋಡಿನಲ್ಲಿ ಎಷ್ಟೋ ಗೇಮು ಕಡಿಮೆ ರೆಸಲ್ಯೂಶನ್‌ನಲ್ಲಿ ಓಡಿ, ಆಮೇಲೆ ಚಿತ್ರ 4ಕೆಗೆ ಹಿಗ್ಗುತ್ತದೆ. ನಾನು ಯಾವಾಗಲೂ ಆ ಮೋಡನ್ನೇ ಹಾಕುತ್ತೇನೆ, ಚಿತ್ರ ಸ್ವಲ್ಪ ಕಡಿಮೆ ಸ್ಪಷ್ಟವಾದರೂ ಕೈಗೆ ಚುರುಕು ಸಿಗುತ್ತದೆ.

ಬಜೆಟ್‌ನಲ್ಲಿ 120 ಹರ್ಟ್ಜ್ ಬರದಿದ್ದರೆ ಬೇಜಾರು ಬೇಡ. ಗೇಮ್ ಮೋಡ್ ಚೆನ್ನಾಗಿರುವ 60 ಹರ್ಟ್ಜಿನ 4ಕೆ ತಗೊಂಡು ಆರಾಮಾಗಿ ಆಡಬಹುದು. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ, ಹಳೇ ರೇಟು ಹೇಳಿದರೆ ಒಪ್ಪಬೇಡಿ.

ಮನೆಗೆ ತಂದ ಮೇಲೆ ಪಿಎಸ್5 ಡಬ್ಬದಲ್ಲಿ ಬಂದ ಕೇಬಲ್ಲೇ ಹಾಕಿ, ಡಿಶ್ ಬಾಕ್ಸಿನ ಹಳೇ ಕೇಬಲ್ ಬೇಡ. ಟಿವಿಯ ಹಿಂದೆ ಮೂರು ಎಚ್‌ಡಿಎಂಐ ಇದ್ದರೂ ಪೂರ್ತಿ ವೇಗ ಒಂದೋ ಎರಡೋ ಕಿಂಡಿಗೆ ಮಾತ್ರ ಇರಬಹುದು. ಪಕ್ಕದಲ್ಲಿ ಸಣ್ಣದಾಗಿ ಬರೆದಿರುತ್ತದೆ, ಗೋಡೆಗೆ ಹೊಡೆಸುವ ಮೊದಲೇ ಟಾರ್ಚ್ ಬಿಟ್ಟು ಓದಿ, ಅದಕ್ಕೇ ಕೇಬಲ್ ಸಿಕ್ಕಿಸಿ ಆಮೇಲೆ ಗೋಡೆಗೆ ಹೊಡೆಸಿ.