ಓದುಗರ ಪ್ರಶ್ನೆ: ಪ್ರೊಜೆಕ್ಟರ್ ಹೊರುವ ಮುಕ್ಕಾಲಿ

ಪ್ರಶ್ನೆ: ತರಬೇತಿ ಶಿಬಿರಗಳಲ್ಲಿ ಪಾಠ ಮಾಡುತ್ತೇನೆ. ಪ್ರೊಜೆಕ್ಟರ್, ಲ್ಯಾಪ್‌ಟಾಪ್ ಎರಡನ್ನೂ ನಾನೇ ಹೊತ್ತುಕೊಂಡು ಹೋಗಬೇಕು. ಹೋದ ಕಡೆ ಸರಿಯಾದ ಮೇಜು ಸಿಗುವುದಿಲ್ಲ. ಕುರ್ಚಿಯ ಮೇಲೆ ಪುಸ್ತಕ ಪೇರಿಸಿ ಪ್ರೊಜೆಕ್ಟರ್ ಇಟ್ಟು ಸಾಕಾಗಿದೆ. ಎತ್ತರ ಹೆಚ್ಚು ಕಡಿಮೆ ಮಾಡಬಹುದಾದ ಟ್ರೈಪಾಡ್ ಸ್ಟ್ಯಾಂಡ್ ಕೊಳ್ಳೋಣ ಅಂತಿದ್ದೇನೆ. ನೋಡಿದ್ದರ ಮೇಲೆಲ್ಲ ‘10 ಕೆ.ಜಿ. ತಡೆಯುತ್ತದೆ’ ಎಂದು ಬರೆದಿದೆ. ನಂಬಬಹುದಾ?
– ಒಬ್ಬ ಶಿಕ್ಷಕಿ

ಉತ್ತರ: ಆ 10 ಕೆ.ಜಿ. ಸುಳ್ಳೇ ಇರಬೇಕು ಅಂತಿಲ್ಲ ಮೇಡಂ. ಆದರೆ ಅದು ನಿಮ್ಮ ಪ್ರಶ್ನೆಗೆ ಉತ್ತರವಲ್ಲ. ಸ್ಟ್ಯಾಂಡಿನ ತುದಿಯ ತಟ್ಟೆಯ ನಟ್ಟನಡುವೆ ಭಾರ ಇಟ್ಟು, ಯಾರೂ ಮುಟ್ಟದೆ ಬಿಟ್ಟರೆ ಎಷ್ಟು ತಡೆಯುತ್ತದೆ ಅನ್ನುವ ಲೆಕ್ಕ ಅದು, ಸಾಮಾನ್ಯವಾಗಿ. ನಿಮ್ಮ ಪ್ರೊಜೆಕ್ಟರ್ ಎಷ್ಟು ತೂಗೀತು? ಅಂಗೈ ಅಗಲದ್ದು ಒಂದು ಕೆ.ಜಿ. ಆಸುಪಾಸು, ತರಗತಿಗಳಲ್ಲಿ ಬಳಸುವಂಥದ್ದು ಎರಡೂವರೆಯಿಂದ ನಾಲ್ಕು ಕೆ.ಜಿ. ಇಷ್ಟು ಭಾರಕ್ಕೆ ಸ್ಟ್ಯಾಂಡ್ ಕುಸಿದು ಬೀಳುವುದು ಅಪರೂಪ. ಯಾರದೋ ಕಾಲಿಗೆ ವೈರ್ ಸಿಕ್ಕಿಕೊಳ್ಳುತ್ತದೆ, ಸ್ಟ್ಯಾಂಡ್ ಪಕ್ಕಕ್ಕೆ ಮಗುಚುತ್ತದೆ. ಸಭೆ ಸಮಾರಂಭಗಳಿಗೆ ಪರದೆ, ಪ್ರೊಜೆಕ್ಟರ್, ಮೈಕು ಜೋಡಿಸುವುದೇ ನನ್ನ ಕೆಲಸ. ನಾನು ನೋಡಿದ ಬೀಳುಗಳೆಲ್ಲ ಹೆಚ್ಚುಕಡಿಮೆ ಇದೇ ಜಾತಿಯವು.

ಹಾಗಾಗಿ ಕೆ.ಜಿ. ಬಿಟ್ಟು ಮೊದಲು ಕಾಲು ನೋಡಿ. ಎಷ್ಟು ಅಗಲ ಚಾಚುತ್ತವೆ?

ಮೂರು ಕಾಲಿಗೆ ಒಂದು ಒಳ್ಳೆಯ ಗುಣ ಇದೆ. ನೆಲ ಏರುಪೇರಾಗಿದ್ದರೂ ಮೂರೂ ನೆಲಕ್ಕೆ ತಾಗಿಯೇ ನಿಲ್ಲುತ್ತವೆ, ನಾಲ್ಕು ಕಾಲಿನ ಮೇಜಿನ ಹಾಗೆ ಕಟಕಟ ಅನ್ನುವುದಿಲ್ಲ. ಅದರ ಜೊತೆಗೇ ಒಂದು ದೋಷವೂ ಇದೆ. ಸ್ಟ್ಯಾಂಡ್ ಯಾವತ್ತೂ ಕಾಲಿನ ಕಡೆಗೆ ಸುಲಭವಾಗಿ ಬೀಳುವುದಿಲ್ಲ, ಎರಡು ಕಾಲುಗಳ ನಡುವಿನ ಸಂದಿನ ಕಡೆಗೆ ಬೀಳುತ್ತದೆ. ನಡುಗಂಬದಿಂದ ಪ್ರತಿ ಕಾಲಿನ ತುದಿ 40 ಸೆಂ.ಮೀ. ದೂರ ಇದೆ ಅಂದುಕೊಳ್ಳಿ. ಎರಡು ತುದಿಗಳನ್ನು ಸೇರಿಸಿ ನೆಲದ ಮೇಲೆ ಗೆರೆ ಎಳೆದರೆ ಆ ಗೆರೆ ಕಂಬದಿಂದ 20 ಸೆಂ.ಮೀ. ಮಾತ್ರ ದೂರ ಇರುತ್ತದೆ, ಸರಿಯಾಗಿ ಅರ್ಧ. ಭಾರದ ಮಧ್ಯ ಆ ಗೆರೆ ದಾಟಿತೋ, ಮುಗೀತು.

ಇನ್ನು ಎತ್ತರದ ಲೆಕ್ಕ. ಬಹಳಷ್ಟು ಸ್ಟ್ಯಾಂಡುಗಳಲ್ಲಿ ಕಂಬ ಏರುತ್ತದೆಯೇ ಹೊರತು ಕಾಲು ಇನ್ನಷ್ಟು ಅಗಲ ಆಗುವುದಿಲ್ಲ. ಮೇಲೆ ಹೇಳಿದ ಅದೇ ಸ್ಟ್ಯಾಂಡ್ ತಗೊಳ್ಳಿ, ಭಾರವೆಲ್ಲ ಮೇಲೇ ಇದೆ ಅಂದುಕೊಳ್ಳಿ. 80 ಸೆಂ.ಮೀ. ಎತ್ತರದಲ್ಲಿ ಅದು ಮಗುಚಬೇಕಾದರೆ ಸುಮಾರು 14 ಡಿಗ್ರಿ ವಾಲಬೇಕು. 140 ಸೆಂ.ಮೀ.ಗೆ ಏರಿಸಿದರೆ 8 ಡಿಗ್ರಿ ಸಾಕು. ‘ಆರಡಿವರೆಗೂ ಹೋಗುತ್ತೆ ಸಾರ್’ ಅಂತ ಮಾರುವವರು ಹೆಮ್ಮೆಯಿಂದ ಹೇಳುತ್ತಾರಲ್ಲ, ಆ ಆರಡಿಯಲ್ಲಿ ಅದು ಹೇಗೆ ನಿಲ್ಲುತ್ತದೆ ಅಂತ ತೋರಿಸಿ ಅನ್ನಿ.

ಅಷ್ಟಕ್ಕೂ ಅಷ್ಟು ಎತ್ತರ ನಿಮಗೆ ಬೇಕಾ? ಮೇಜಿನ ಮೇಲೆ ಇಡುವ ಹೆಚ್ಚಿನ ಪ್ರೊಜೆಕ್ಟರುಗಳು ಬೆಳಕನ್ನು ಸ್ವಲ್ಪ ಮೇಲಕ್ಕೆ ಎಸೆಯುವ ಹಾಗೇ ಮಾಡಿರುತ್ತಾರೆ. ಚಿತ್ರದ ಕೆಳ ಅಂಚು ಲೆನ್ಸಿನ ಮಟ್ಟಕ್ಕೆ ಅಥವಾ ಅದಕ್ಕಿಂತ ಕೊಂಚ ಮೇಲೆ ಬರುತ್ತದೆ. ಅಂದರೆ ಲೆನ್ಸ್ ಪರದೆಯ ಕೆಳ ಅಂಚಿನ ಹತ್ತಿರಕ್ಕೆ ಬಂದರೆ ಸಾಕು. ನಿಮ್ಮ ಪರದೆ ನೆಲದಿಂದ ಎಷ್ಟು ಮೇಲಿರುತ್ತದೆ ಅಂತ ಟೇಪು ಹಿಡಿದು ಒಂದು ಸಲ ಅಳೆದುಕೊಳ್ಳಿ, ಸ್ಟ್ಯಾಂಡಿನ ಎತ್ತರ ತಾನೇ ಗೊತ್ತಾಗುತ್ತದೆ. ಸ್ಟ್ಯಾಂಡ್ ಗಿಡ್ಡವಾದರೆ ಪ್ರೊಜೆಕ್ಟರಿನ ಮೂತಿ ಎತ್ತಬೇಕಾಗುತ್ತದೆ. ಆಗ ಚಿತ್ರ ಮೇಲೆ ಅಗಲ, ಕೆಳಗೆ ಕಿರಿದು. ಅದನ್ನು ಕೀಸ್ಟೋನ್ ಗುಂಡಿ ಒತ್ತಿ ಸರಿ ಮಾಡಬಹುದು, ನಿಜ. ಆದರೆ ಅದು ಚಿತ್ರವನ್ನು ಒಳಗೆ ಕುಗ್ಗಿಸಿ ಚೌಕ ಮಾಡುವ ಉಪಾಯ. ಒಂದಷ್ಟು ಪಿಕ್ಸೆಲ್ ಸುಮ್ನೆ ಹೋಗುತ್ತವೆ, ಸಣ್ಣ ಅಕ್ಷರಗಳು ಮಂಕಾಗುತ್ತವೆ. ಪಾಠಕ್ಕೆ ಅಕ್ಷರ ಮುಖ್ಯ ಅಲ್ವಾ?

ಈಗ ಕೀಲು. ನನ್ನ ಮಟ್ಟಿಗೆ ಸ್ಟ್ಯಾಂಡಿನ ಜಾತಕ ಇರುವುದು ಇಲ್ಲೇ. ಕಂಬವನ್ನು ಬಿಗಿ ಮಾಡುವ ನಾಬ್ ಇರುತ್ತದಲ್ಲ, ಅದನ್ನು ಪೂರ್ತಿ ಬಿಚ್ಚಿ ಕೈಯಲ್ಲಿ ಹಿಡಿದು ನೋಡಿ. ಸ್ಕ್ರೂವಿನ ತುದಿ ಬರೀ ಕಬ್ಬಿಣವಾಗಿದ್ದು, ನೇರವಾಗಿ ಒಳಗಿನ ಪೈಪಿಗೇ ಒತ್ತುವ ಹಾಗಿದ್ದರೆ ಆ ಸ್ಟ್ಯಾಂಡ್ ಬೇಡ. ಸ್ವಲ್ಪ ದಿನದಲ್ಲೇ ಪೈಪಿನ ಮೇಲೆ ಸಣ್ಣ ಗುಳಿ ಬೀಳುತ್ತದೆ. ಆಮೇಲೆ ನೀವು ಅದಕ್ಕಿಂತ ಒಂದು ಬೆರಳು ಮೇಲೆ ನಿಲ್ಲಿಸಬೇಕೆಂದರೂ ಬಿಗಿ ಮಾಡುವಾಗ ಪೈಪು ಜಾರಿ ಆ ಹಳೇ ಗುಳಿಗೇ ಹೋಗಿ ಕೂರುತ್ತದೆ. ಚೆನ್ನಾಗಿ ಮಾಡಿದ್ದರಲ್ಲಿ ನಾಬ್ ತಿರುಗಿಸಿದರೆ ಒಂದು ಪಟ್ಟಿ ಪೈಪಿನ ಸುತ್ತ ಬಿಗಿಯಾಗುತ್ತದೆ, ಇಲ್ಲವೇ ಸ್ಕ್ರೂವಿನ ತುದಿಗೆ ನೈಲಾನ್ ತುಂಡು ಇರುತ್ತದೆ. ಇನ್ನೂ ಒಳ್ಳೆಯದು ಅಂದರೆ ಪೈಪಿನಲ್ಲಿ ಸಾಲಾಗಿ ತೂತು, ಅದಕ್ಕೊಂದು ಪಿನ್ನು. ಬಿಗಿ ಸಡಿಲವಾದರೂ ಪಿನ್ನು ಬೀಳಲು ಬಿಡುವುದಿಲ್ಲ. ಆದರೆ ತೂತು ಇದ್ದ ಎತ್ತರಕ್ಕೆ ಮಾತ್ರ ನಿಲ್ಲಿಸಬಹುದು, ಅಷ್ಟೆ. ಕಾಲುಗಳು ಸೇರುವ ಕಡೆ ಪ್ಲಾಸ್ಟಿಕ್ ಇದ್ದರೆ ಬೆರಳಲ್ಲಿ ಹಿಸುಕಿ ನೋಡಿ. ಬಗ್ಗಿದರೆ ಅಲ್ಲೇ ಇಟ್ಟು ಬನ್ನಿ.

ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಬಹುದು. ನಿಮಗೆ ಬೇಕಾದ ಎತ್ತರಕ್ಕೆ ಏರಿಸಿ, ಎಲ್ಲ ಬಿಗಿ ಮಾಡಿ, ತಟ್ಟೆಯ ಎರಡು ಅಂಚು ಹಿಡಿದು ಬಸ್ಸಿನ ಸ್ಟೇರಿಂಗ್ ಹಾಗೆ ಒಂಚೂರು ತಿರುಗಿಸಿ ಬಿಡಿ. ತಕ್ಷಣ ನಿಂತರೆ ಒಳ್ಳೆಯದು. ತೂಗಾಡುತ್ತಲೇ ಇದ್ದರೆ ಆ ತೂಗಾಟ ಪರದೆಯ ಮೇಲೆ ಎದ್ದು ಕಾಣುತ್ತದೆ. ಪ್ರೊಜೆಕ್ಟರ್ ಡಿಗ್ರಿಯ ಹತ್ತನೇ ಒಂದು ಭಾಗ ಅಲ್ಲಾಡಿದರೂ 3 ಮೀಟರ್ ದೂರದ ಪರದೆಯಲ್ಲಿ ಚಿತ್ರ 5 ಮಿ.ಮೀ. ಸರಿಯುತ್ತದೆ. ಪಕ್ಕದಲ್ಲಿ ಯಾರಾದರೂ ನಡೆದು ಹೋದಾಗಲೆಲ್ಲ ಅಕ್ಷರ ಕುಣಿದರೆ ಯಾರು ಓದುತ್ತಾರೆ?

ಹಗುರ ಬೇಕು ಅಂತ ಅಲ್ಯೂಮಿನಿಯಂ ಕಡೆ ನಿಮ್ಮ ಮನಸ್ಸು ಹೋಗಬಹುದು. ಅಷ್ಟೇ ಗಾತ್ರದ ಉಕ್ಕು ಅದರ ಮೂರರಷ್ಟು ತೂಗುತ್ತದೆ. ಹೊತ್ತು ತಿರುಗುವವರಿಗೆ ಅಲ್ಯೂಮಿನಿಯಮ್ಮೇ ಸರಿ. ನಿಲ್ಲಿಸಿದ ಮೇಲೆ ನಿಮ್ಮ ಬ್ಯಾಗನ್ನೇ ಕಾಲುಗಳ ನಡುವೆ ತೂಗುಹಾಕಿ, ನೆಲಕ್ಕೆ ತಾಗಿಯೂ ತಾಗದ ಹಾಗೆ. ಮೇಲಕ್ಕೆ ಕಟ್ಟಿದರೆ ಅದೇ ತೊನೆದಾಡುತ್ತದೆ. ಒಂದು ಕಾಲನ್ನು ವೈರ್ ಬರುವ ದಿಕ್ಕಿಗೆ ಇಡಿ. ವೈರನ್ನು ಆ ಕಾಲಿನ ಬುಡಕ್ಕೆ ಕಟ್ಟಿ, ಅಲ್ಲಿಂದ ಮೇಲಕ್ಕೆ ಸಡಿಲ ಬಿಡಿ. ಯಾರಾದರೂ ಎಡವಿದರೆ ಎಳೆತ ಬುಡಕ್ಕೆ ಬೀಳುತ್ತದೆ, ಪ್ರೊಜೆಕ್ಟರಿಗಲ್ಲ.

ತಟ್ಟೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಯಾವತ್ತಾದರೂ ಲ್ಯಾಪ್‌ಟಾಪ್ ಒಂದನ್ನೇ ಇಡುವುದಿದ್ದರೆ, 15.6 ಇಂಚಿನದು ಸುಮಾರು 36 ಸೆಂ.ಮೀ. ಅಗಲ ಇರುತ್ತದೆ, ಅದು ಕೂರುವಷ್ಟು ಜಾಗ ಇರಲಿ. ಅಂಚಿಗೆ ಸಣ್ಣ ತಡೆ ಇರಲಿ. ಆ ತಡೆ ಪ್ರೊಜೆಕ್ಟರಿನ ಗಾಳಿ ಕಿಂಡಿಗೆ ಅಡ್ಡ ಬರದಿರಲಿ. ಮತ್ತೆ, ಲ್ಯಾಪ್‌ಟಾಪ್ ಮತ್ತು ಪ್ರೊಜೆಕ್ಟರ್ ಎರಡನ್ನೂ ಒಂದೇ ಸ್ಟ್ಯಾಂಡಿನ ಮೇಲೆ ಇಡಬೇಡಿ. ನೀವು ಕೀ ಒತ್ತಿದಾಗಲೆಲ್ಲ ಚಿತ್ರ ನಡುಗುತ್ತದೆ.

ಪ್ರಶ್ನೆ: ನನ್ನ ಪ್ರೊಜೆಕ್ಟರಿನ ಅಡಿಯಲ್ಲಿ ಸ್ಕ್ರೂ ಹಾಕುವ ತೂತುಗಳಿವೆ. ಮನೆಯಲ್ಲಿ ಕ್ಯಾಮೆರಾ ಟ್ರೈಪಾಡ್ ಇದೆ. ಅದಕ್ಕೇ ಕೂರಿಸಬಹುದೇ?
– ಫೋಟೊ ಹವ್ಯಾಸಿ

ಉತ್ತರ: ತೂತು ಎಷ್ಟಿವೆ ನೋಡಿ. ಅಡಿಯಲ್ಲಿ ಒಂದೇ ತೂತಿದ್ದು ಪ್ರೊಜೆಕ್ಟರ್ ಪುಟ್ಟದಾಗಿದ್ದರೆ ಅದು ಬಹುಪಾಲು ಕ್ಯಾಮೆರಾದ್ದೇ ಅಳತೆ: ಕಾಲು ಇಂಚು ದಪ್ಪ, ಇಂಚಿಗೆ 20 ಮರೆ (ಸ್ಕ್ರೂವಿನ ಸುತ್ತು ಗೀರು). ಧಾರಾಳವಾಗಿ ಕೂರಿಸಿ. ಕೈಯಲ್ಲೇ ತಿರುಗಿಸಿ, ಬಿಗಿ ಅನ್ನಿಸಿದ ಕೂಡಲೇ ನಿಲ್ಲಿಸಿ. ಸ್ಕ್ರೂ ಉದ್ದವಾಗಿದ್ದು ಒಳಗೆ ತಳ ಮುಟ್ಟಿದ ಮೇಲೂ ಒತ್ತಿದರೆ ಪ್ಲಾಸ್ಟಿಕ್ ಒಡೆಯುತ್ತದೆ.

ಮೂರೋ ನಾಲ್ಕೋ ತೂತುಗಳಿದ್ದರೆ ಅವು ಚಾವಣಿಗೆ ನೇತುಹಾಕುವ ಬ್ರಾಕೆಟ್ಟಿಗೆ ಬಿಟ್ಟವು. ಅವು ಹೆಚ್ಚಾಗಿ 4 ಮಿ.ಮೀ. ಸ್ಕ್ರೂವಿಗೆ ಇರುತ್ತವೆ. ಕ್ಯಾಮೆರಾ ಸ್ಕ್ರೂ ದಪ್ಪ 6.35 ಮಿ.ಮೀ. ಒತ್ತಿ ಕೂರಿಸಲು ಹೋದರೆ ಮರೆ ಕಿತ್ತುಹೋಗುತ್ತದೆ, ಇನ್ನೇನೂ ಆಗುವುದಿಲ್ಲ. ಇಂಥದಕ್ಕೆ ಟ್ರೈಪಾಡಿನ ಮೇಲೆ ಸ್ಕ್ರೂ ಮಾಡುವ ತಟ್ಟೆ ಬೇರೆ ಸಿಗುತ್ತದೆ. ಆದರೆ ಎರಡು ಕೆ.ಜಿ. ದಾಟಿದ ಪ್ರೊಜೆಕ್ಟರನ್ನು ಸಾಧಾರಣ ಕ್ಯಾಮೆರಾ ಟ್ರೈಪಾಡಿನ ಮೇಲೆ ಇಡಲು ನನಗೆ ಧೈರ್ಯ ಬರುವುದಿಲ್ಲ. ಇಟ್ಟರೂ ನಡುಗಂಬ ಏರಿಸಬೇಡಿ. ಎತ್ತರ ಬೇಕಿದ್ದರೆ ಕಾಲುಗಳನ್ನೇ ಉದ್ದ ಮಾಡಿ, ಅದೂ ದಪ್ಪ ಪೈಪುಗಳನ್ನು ಮೊದಲು, ಸಪೂರದ್ದನ್ನು ಕೊನೆಗೆ.

ಪ್ರಶ್ನೆ: ಕೂತು ಕೂತು ಬೆನ್ನು ನೋವು. ಲ್ಯಾಪ್‌ಟಾಪನ್ನು ಟ್ರೈಪಾಡ್ ಮೇಲಿಟ್ಟು ನಿಂತುಕೊಂಡೇ ದಿನವಿಡೀ ಕೆಲಸ ಮಾಡಬಹುದಾ?
– ಮನೆಯಿಂದಲೇ ಕೆಲಸ ಮಾಡುವವರು

ಉತ್ತರ: ಅರ್ಧ ಗಂಟೆಯ ಮೀಟಿಂಗಿಗೆ ಆಗಬಹುದು. ದಿನವಿಡೀ ಬೇಡ. ಬೆರಳಿಗೆ ಹಿತವಾಗಬೇಕಾದರೆ ಕೀಬೋರ್ಡ್ ಮೊಣಕೈ ಮಟ್ಟದಲ್ಲಿರಬೇಕು, ಕುತ್ತಿಗೆಗೆ ಹಿತವಾಗಬೇಕಾದರೆ ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿರಬೇಕು. ಲ್ಯಾಪ್‌ಟಾಪಿನಲ್ಲಿ ಎರಡೂ ಅಂಟಿಕೊಂಡಿವೆ, ಒಂದು ಸರಿಯಾದರೆ ಇನ್ನೊಂದು ಕೆಡುತ್ತದೆ. ಟ್ರೈಪಾಡನ್ನು ಕಣ್ಣಿನ ಮಟ್ಟಕ್ಕೆ ಏರಿಸಿ ಕೀಬೋರ್ಡ್, ಮೌಸ್ ಬೇರೆ ತಂದರೆ ಕೆಲಸ ನಡೆಯುತ್ತದೆ. ಆದರೆ ಆ ಕೀಬೋರ್ಡ್ ಇಡಲು ಒಂದು ಎತ್ತರದ ಮೇಜು ಬೇಕೇ ಬೇಕು. ಮೇಜು ಬಂದ ಮೇಲೆ ಟ್ರೈಪಾಡ್ ಯಾಕೆ? ಮೇಜಿನ ಮೇಲೇ ಲ್ಯಾಪ್‌ಟಾಪಿಗೆ ಸಣ್ಣದೊಂದು ಎತ್ತರದ ಪೀಠ ಇಡಿ. ಮಧ್ಯೆ ಮಧ್ಯೆ ಕೂರಿ ಕೂಡ. ನೋವು ಹೋಗದಿದ್ದರೆ ಡಾಕ್ಟರಿಗೆ ತೋರಿಸಿ, ಸ್ಟ್ಯಾಂಡ್ ಜೋಡಿಸುವವನನ್ನು ಕೇಳಬೇಡಿ.