ಆ ಗುಲಾಬಿ ಸ್ಲಿಪ್ಪಿಗೆ ಕತ್ತರಿ ಹಾಕಬೇಡಿ

(ಹಳೇ ಸಿನಿಮಾ ಪೋಸ್ಟರ್ ಬಗ್ಗೆ ಓದುಗರ ಪ್ರಶ್ನೆಗಳಿಗೆ ದಾವಣಗೆರೆಯ ಹಳೇ ಪ್ರೆಸ್ಸಿನವರೊಬ್ಬರ ಉತ್ತರ)

ಪ್ರಶ್ನೆ: ಮಾವನವರ ಟ್ರಂಕಿನಲ್ಲಿ ಒಂದೇ ಸಿನಿಮಾದ ಎರಡು ಪೋಸ್ಟರ್ ಸಿಕ್ಕಿವೆ. ಒಂದರಲ್ಲಿ ತಾಯಿ ಅಳುತ್ತಿದ್ದಾಳೆ, ಕೆಳಗೆ ಚಿಕ್ಕಮಗಳೂರಿನ ಚೀಟಿ ಅಂಟಿದೆ. ಇನ್ನೊಂದರಲ್ಲಿ ಹೀರೋ ಚಾಟಿ ಹಿಡಿದಿದ್ದಾನೆ, ಅದಕ್ಕೆ ದಾವಣಗೆರೆಯ ಗುಲಾಬಿ ಚೀಟಿ. ಯಾವುದು ಅಸಲಿ? ಚೀಟಿ ಕತ್ತರಿಸಿ ಫ್ರೇಮ್ ಹಾಕಿಸಬಹುದಾ?
– ಓದುಗರೊಬ್ಬರು, ಹೊಳಲ್ಕೆರೆ

ಉತ್ತರ: ಎರಡೂ ಅಸಲಿಯೇ. ಮೊದಲು ಕತ್ತರಿ ಕೆಳಗಿಡಿ.

ಒಂದು ಸಿನಿಮಾಕ್ಕೆ ಒಂದೇ ಪೋಸ್ಟರ್ ಅಂತ ಇರುತ್ತಿರಲಿಲ್ಲ. ಮೂರ್ನಾಲ್ಕು ಡಿಸೈನ್ ಮಾಡಿಸುತ್ತಿದ್ದರು. ಶಿವಕಾಶಿಯಲ್ಲೋ ಮದ್ರಾಸಿನಲ್ಲೋ ಅಚ್ಚಾಗಿ, ಮಡಚಿದ ಕಟ್ಟುಗಳಾಗಿ ಹಂಚಿಕೆದಾರರ ಕೈಗೆ ಬರುತ್ತಿದ್ದವು. ಯಾವ ಊರಿಗೆ ಯಾವುದು ಅನ್ನುವುದು ಆಮೇಲಿನ ಲೆಕ್ಕ. ಹೆಂಗಸರು ಮ್ಯಾಟ್ನಿಗೆ ಜಾಸ್ತಿ ಬರುವ ಕಡೆಗೆ ಅಳುವ ತಾಯಿ. ಹತ್ತಿ ಮಿಲ್ಲಿನ ಪಾಳಿ ಮುಗಿಸಿ ಸೀದಾ ಟಾಕೀಸಿಗೆ ನುಗ್ಗುವ ನಮ್ಮ ಊರಿಗೆ ಚಾಟಿ. ಮೊಳಕಾಲ್ಮೂರು, ಚಳ್ಳಕೆರೆ ಕಡೆ ತೆಲುಗು ಸಿನಿಮಾ ಬಂದರೆ ಪೋಸ್ಟರ್ ತೆಲುಗಿನದೇ. ಹೆಸರನ್ನು ಮಾತ್ರ ಕನ್ನಡ ಅಕ್ಷರದಲ್ಲಿ ಸ್ಲಿಪ್, ಅಂದರೆ ನೀವು ಹೇಳುವಂಥ ಚೀಟಿ, ಹೊಡೆಸಿ ಮೇಲೆ ಅಂಟಿಸುತ್ತಿದ್ದರು.

ಆ ಸ್ಲಿಪ್ ಹೊಡೆದವರಲ್ಲಿ ನಾನೂ ಒಬ್ಬ. ಹದಿನಾರನೇ ವಯಸ್ಸಿಗೆ ಮಂಡಿಪೇಟೆಯ ಒಂದು ಪ್ರೆಸ್ಸಿನಲ್ಲಿ ಟ್ರೆಡಲ್ (ಕಾಲಲ್ಲಿ ತುಳಿದು ನಡೆಸುವ ಅಚ್ಚಿನ ಯಂತ್ರ) ತುಳಿಯುತ್ತಿದ್ದೆ. ಗುರುವಾರ ರಾತ್ರಿ ಬರೀ ಸಿನಿಮಾ ಕೆಲಸ. ತೆಳು ಗುಲಾಬಿ ಕಾಗದ, ಮರದ ದೊಡ್ಡ ಅಕ್ಷರ. 'ನಾಳೆಯಿಂದ ದಿನಾ 3 ಆಟ'. ಅದರ ಕೆಳಗೆ ಪುಟ್ಟದಾಗಿ 'ಫ್ರೀ ಪಾಸ್ ರದ್ದು'. ನಮ್ಮ ಪ್ರೆಸ್ಸಿನ ಮರದ 'ಳೆ' ಅಕ್ಷರ ಅಡ್ಡಕ್ಕೆ ಸೀಳಿತ್ತು. ಹೊಸದು ತರಿಸಲು ಮಾಲೀಕರಿಗೆ ಮನಸ್ಸಿಲ್ಲ. ಹಾಗಾಗಿ ನಾವು ಹೊಡೆದ ಪ್ರತಿ 'ನಾಳೆ'ಯಲ್ಲೂ ಕೂದಲೆಳೆಯಷ್ಟು ಬಿಳಿ ಗೆರೆ ಬೀಳುತ್ತಿತ್ತು. ಇವತ್ತಿಗೂ ಆ ಗೆರೆ ಕಂಡರೆ ಸಾಕು, ಇದು ನಮ್ಮದು ಅಂತ ಗೊತ್ತಾಗುತ್ತದೆ.

ಅಂಥದ್ದೊಂದು ಪೋಸ್ಟರನ್ನು ಹತ್ತು ವರ್ಷದ ಹಿಂದೆ ಫ್ರೇಮ್ ಹಾಕಲು ಕೊಟ್ಟೆ. ಅಂಗಡಿಯವನು 'ನೀಟಾಗಿ ಕಾಣ್ಲಿ ಸಾರ್' ಅಂತ ಸ್ಲಿಪ್ ಕತ್ತರಿಸಿ ಕಸಕ್ಕೆ ಹಾಕಿದ್ದ. ಬೈಯಲೂ ಬಾಯಿ ಬರಲಿಲ್ಲ. ಪೋಸ್ಟರ್ ಈಗಲೂ ಗೋಡೆ ಮೇಲಿದೆ. ಅಂಥದ್ದು ಇನ್ನೆಲ್ಲಾದರೂ ಸಿಕ್ಕೀತು, ಆ ಸೀಳಿದ 'ಳೆ' ಎಲ್ಲಿ ಸಿಗಬೇಕು?

ಪ್ರಶ್ನೆ: ನನ್ನ ಹತ್ತಿರ ಒಂದು ಕನ್ನಡ ಪೋಸ್ಟರಿನ ಕೆಳಗಿನ ಅರ್ಧ ಮಾತ್ರ ಇದೆ. ಹೆಸರು ಹರಿದುಹೋಗಿದೆ. 'ಸಂಪೂರ್ಣ ವರ್ಣದಲ್ಲಿ', 'ಮೈಸೂರು ರಾಜ್ಯದಾದ್ಯಂತ' ಎಂದಿದೆ. ಸ್ಲಿಪ್ಪಿನಲ್ಲಿ 'ತಾ. 14-4 ಶುಕ್ರವಾರದಿಂದ' ಅಂತಿದೆ. ಇಸವಿ ಹೇಳಬಹುದಾ?
– ಓದುಗರೊಬ್ಬರು, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ನೋಡಿ, ಸ್ಲಿಪ್ ಉಳಿಸಿಕೊಂಡದ್ದಕ್ಕೆ ಇದೇ ಲಾಭ. ಏಪ್ರಿಲ್ 14 ಶುಕ್ರವಾರ ಬಂದದ್ದು 1961, 1967, 1972, 1978, 1989ರಲ್ಲಿ. ಮೈಸೂರು ರಾಜ್ಯ ಕರ್ನಾಟಕ ಆದದ್ದು 1973ರ ನವೆಂಬರ್ 1ಕ್ಕೆ. ಹಾಗಾಗಿ ಕೊನೆಯ ಎರಡು ಬಿದ್ದುಹೋದವು. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ 'ಅಮರಶಿಲ್ಪಿ ಜಕಣಾಚಾರಿ' ಬಂದದ್ದು 1964ರಲ್ಲಿ. ಅಲ್ಲಿಗೆ 1961 ಕೂಡ ಹೋಯಿತು. ಉಳಿದದ್ದು 1967, 1972. ಅಚ್ಚು ಹಾಕಿದವರ ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ ನನ್ನ ಲೆಕ್ಕವೆಲ್ಲ ತಲೆಕೆಳಗು. ಯಾಕಂದ್ರೆ ಅದು ಶುರುವಾದದ್ದು 1972ರ ಆಗಸ್ಟ್ 15ಕ್ಕೆ. ಇಲ್ಲದಿದ್ದರೆ ಹೀರೋನ ಪ್ಯಾಂಟ್ ನೋಡಿ. ಹೇಗೂ ಕೆಳಗಿನ ಅರ್ಧ ನಿಮ್ಮ ಹತ್ತಿರವೇ ಇದೆಯಲ್ವಾ! ಕಣಕಾಲಿಗೆ ಬಿಗಿಯಾಗಿದ್ದರೆ ನನ್ನ ಓಟು 67ಕ್ಕೆ. ಅಗಲವಾಗಿ ನೆಲ ಗುಡಿಸುತ್ತಿದ್ದರೆ 72ಕ್ಕೆ.

ಪ್ರಶ್ನೆ: 1972ರ ಅಸಲಿ 'ನಾಗರಹಾವು' ಪೋಸ್ಟರ್ ಅಂತ ಒಬ್ಬರು ಎಂಟು ಸಾವಿರ ಕೇಳುತ್ತಿದ್ದಾರೆ. ಫಳಫಳ ಹೊಳೆಯುತ್ತದೆ, ಒಂದು ಮಡಿಕೆಯೂ ಇಲ್ಲ. 'ಸಾಹಸಸಿಂಹ ವಿಷ್ಣುವರ್ಧನ್' ಎಂದು ಬರೆದಿದೆ. ಕೊಳ್ಳಲಾ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ನಿಮ್ಮ ಕೋಟೆಯಲ್ಲೇ ತೆಗೆದ ಸಿನಿಮಾ, ಆಸೆ ಆಗುವುದು ಸಹಜ. ಆದರೆ ಪುಟ್ಟಣ್ಣ ಕಣಗಾಲರು 'ನಾಗರಹಾವು' ತೆಗೆದಾಗ ವಿಷ್ಣುವರ್ಧನ್ ಇನ್ನೂ ಹೊಸ ಹುಡುಗ. 'ಸಾಹಸಸಿಂಹ' ಅನ್ನುವ ಸಿನಿಮಾ ಬಂದದ್ದೇ 1982ರಲ್ಲಿ. ಹತ್ತು ವರ್ಷ ಮೊದಲೇ ಬಿರುದು ಹೇಗೆ ಅಚ್ಚಾಯಿತು? ರಾಜ್‌ಕುಮಾರ್ ಹೆಸರಿನ ಮುಂದಿನ 'ಡಾ.' ಕೂಡ ಹೀಗೇ. ಮೈಸೂರು ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟದ್ದು 1976ರಲ್ಲಿ.

ಇದು ಮರುಬಿಡುಗಡೆಯ ಪೋಸ್ಟರ್ ಇರಬಹುದು. ಅದು ಮೋಸವೇನಲ್ಲ, ಅದಕ್ಕೂ ಒಂದು ಬೆಲೆ ಇದೆ. ಆದರೆ 72ರ ಬೆಲೆಯಲ್ಲ. ಮಡಿಕೆ ಇಲ್ಲದ್ದು ನನಗೆ ಇನ್ನೂ ಅನುಮಾನ. ಒಂದು ಭೂತಗನ್ನಡಿ ಜೇಬಿನಲ್ಲಿಟ್ಟುಕೊಂಡು ಹೋಗಿ. ಆಫ್‌ಸೆಟ್ ಅಚ್ಚಾದರೆ ಚುಕ್ಕಿಗಳು ಪುಟ್ಟ ಹೂವಿನ ಹಾಗೆ ಸಾಲಾಗಿ ಕೂತಿರುತ್ತವೆ. ಈಗಿನ ಇಂಕ್‌ಜೆಟ್ ಆದರೆ ಪಿಚಕಾರಿ ಹೊಡೆದ ಹಾಗೆ ಚೆಲ್ಲಾಪಿಲ್ಲಿ. ನೀವು ಕನ್ನಡಿ ತೆಗೆದ ಕೂಡಲೇ ಮಾರುವವರ ಮುಖವನ್ನೂ ಒಮ್ಮೆ ನೋಡಿ.

ಪ್ರಶ್ನೆ: ಗೋಡೆಯಿಂದ ಕಿತ್ತ ಹಳೇ ಪೋಸ್ಟರನ್ನು ಲ್ಯಾಮಿನೇಷನ್ ಮಾಡಿಸಿದರೆ ಬಾಳಿಕೆ ಬರುತ್ತಾ?
– ಓದುಗರೊಬ್ಬರು, ಹಿರಿಯೂರು

ಉತ್ತರ: ಬೇಡವೇ ಬೇಡ. ಪ್ಲಾಸ್ಟಿಕ್ ಕಾಗದಕ್ಕೆ ಅಂಟಿಬಿಟ್ಟರೆ ಮತ್ತೆ ಬಿಡಿಸಲು ಆಗುವುದಿಲ್ಲ. ಸೆಲ್ಲೋಟೇಪೂ ಬೇಡ, ಅದರ ಕಂದು ಕಲೆ ಜನ್ಮಕ್ಕೂ ಹೋಗದು. ತೊಳೆದ ಹತ್ತಿ ಬಟ್ಟೆಯ ನಡುವೆ ಚಪ್ಪಟೆಯಾಗಿಟ್ಟು ಬೀರುವಿನಲ್ಲಿಡಿ. ಮಳೆಗಾಲ ಮುಗಿದ ಮೇಲೆ ನೆರಳಲ್ಲಿ ಗಾಳಿಗೆ ಹರಡಿ. ಹಿಂದೆ ಉಳಿದ ಮೈದಾ ಅಂಟು ಅಂದರೆ ಜಿರಳೆಗೆ ಹಬ್ಬದೂಟ, ಅದರ ಮೇಲೆ ಕಣ್ಣಿರಲಿ. ಇನ್ನೊಂದು, ದನ ಬಂದು ಪೋಸ್ಟರ್ ತಿನ್ನಬಾರದು ಅಂತ ಆ ಅಂಟಿಗೆ ಮೈಲುತುತ್ತ ಕಲಸುತ್ತಿದ್ದರು. ಅದು ವಿಷ. ಪೋಸ್ಟರ್ ಮುಟ್ಟಿದ ಮೇಲೆ ಕೈ ತೊಳೆದೇ ಮಂಡಕ್ಕಿಗೆ ಕೈ ಹಾಕಿ.